ದೊಡ್ಡದಾದ ನಮ್ಮ ಮನೆಯ ಕುರಿತು ಸಮೀಕ್ಷೆಯ ಟ್ಯಾಬ್‌ನವರಿಗೆ

ಗೆ,
ಶ್ರೀಮಾನ್ ಟ್ಯಾಬ್ ಅವರು,
ವಸತಿ ಸಮೀಕ್ಷೆ,
ಗ್ರಾಮ ಪಂಚಾಯಿತಿಯ ಕಬ್ಬಿಣದ ಕಪಾಟು, ಮೇಲಿನ ಅರೆ.

ಮಾನ್ಯರೇ,

ತಮ್ಮ ಗಾಜಿನ ಮುಖಕ್ಕೆ ಗೀರು ಬೀಳದಿರಲಿ, ತಮ್ಮ ಚಾರ್ಜರನ್ನು ಯಾರೂ ತಂತಮ್ಮ ಮನೆಗೆ ಒಯ್ಯದಿರಲಿ, ತಾವಿರುವ ಕಪಾಟಿಗೆ ಇಲಿ ಹೊಗದಿರಲಿ ಎಂದು ಹಾರೈಸುತ್ತಾ, ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ದಾರಿಯಲ್ಲಿರುವ ಒಂದು ಊರಿನಿಂದ, ಸಮುದಾಯ ಭವನದ ಹಿಂದಿನ ಬಯಲಿನಲ್ಲಿ ಒಂದು ಫ್ಲೆಕ್ಸಿನ ಕೆಳಗೆ ಕುಳಿತು, ಕನಕರಾಜ ಎಂಬ ನಾನು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಕಪಾಟಿಗೆ ಬೀಗವಿದೆ, ಪಂಚಾಯಿತಿಗೆ ಆರ್‌ಸಿಸಿ ಚಾವಣಿಯಿದೆ.

ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನು. ತಪಾಸಣೆಗೆ ಬಂದ ಸಾಹೇಬರು, ಬಿಸಿಯೂಟಕ್ಕೆ ದಿನಾ ತತ್ತಿ ಕೊಡುತ್ತಾರೇನು ಎಂದು ಇಡೀ ತರಗತಿಯನ್ನು ಕೇಳಿದಾಗ ಉಳಿದವರೆಲ್ಲ ಹೌದೆಂದರು, ನಾನೊಬ್ಬ ಇಲ್ಲವೆಂದೆ. ಅಲ್ಲಿಂದ ಮುಂದೆ ನಾನು ಶಾಲೆ ಬಿಟ್ಟೆನೋ ಶಾಲೆ ನನ್ನನ್ನು ಬಿಟ್ಟಿತೋ ಈಗಲೂ ತೀರ್ಮಾನವಾಗಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ, ಯಲಬುರ್ಗಾದ ಗ್ಯಾರೇಜಿನಲ್ಲಿ ಇದೇ ಬಾಯಿಯಿಂದಾಗಿ ನಿಲ್ಲಲಾರದೆ, ಸದ್ಯ ಕುಷ್ಟಗಿಯ ಮಕ್ಬುಲಸಾಬರ ಬಳಿ ಶಾಮಿಯಾನ ಹಾಕುವ ಕೆಲಸದಲ್ಲಿದ್ದೇನೆ. ಇಷ್ಟು ಕಡಿಮೆ ಓದಿದವನು ತಮ್ಮಂಥ ಎಲ್ಲ ತಿಳಿದವರಿಗೆ ಪತ್ರ ಬರೆಯುತ್ತಿರುವುದನ್ನು ಕ್ಷಮಿಸಬೇಕು.

ತಮ್ಮ ಗುಣಗಾನವನ್ನು ನಾನು ಮೊದಲು ಕೇಳಿದ್ದು ಸುರೇಖಾ ಅಕ್ಕನ ಬಾಯಿಂದ. ಗುತ್ತಿಗೆ ಕೆಲಸದ ಆಕೆ ತಮ್ಮನ್ನು ಕೂಸಿನಂತೆ ಸೆರಗಿನಲ್ಲಿ ಮುಚ್ಚಿಕೊಂಡು ಊರೂರು ತಿರುಗುವವಳು. ಮನುಷ್ಯರು ಕೈಯಿಂದ ಬರೆದರೆ ತಂತಮ್ಮವರನ್ನು ಪಟ್ಟಿಯ ಒಳಗೆ ಹಾಕಿ ಉಳಿದವರನ್ನು ಹೊರಗೆ ಹಾಕುತ್ತಾರೆಂದು, ಜನರು ಬಾಯಿಂದ ಹೇಳಿದ್ದನ್ನು ತಾವೇ ಕೇಳಿ, ತಾವೇ ಅರ್ಥ ಮಾಡಿಕೊಂಡು, ತಾವೇ ಶುದ್ಧ ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಯಾರೂ ತಿದ್ದದಂತೆ ಬೀಗ ಹಾಕಿಕೊಳ್ಳುತ್ತೀರಂತೆ. ಇಂಥ ಪ್ರಾಮಾಣಿಕರನ್ನು ನಾನು ಈ ಜಿಲ್ಲೆಯಲ್ಲಿ ಕಂಡಿರಲಿಲ್ಲ.

ತಾವು ನಮ್ಮಲ್ಲಿಗೆ ದಯಮಾಡಿಸಿದ್ದು ದೀಪ ಹಚ್ಚುವ ಹೊತ್ತಿಗೆ. ಅದಕ್ಕೆ ಮುಂಚಿನ ಮಳೆಗಾಲದಲ್ಲಿ ನಮ್ಮ ಮಣ್ಣಿನ ಮಾಳಿಗೆಯ ಮನೆ ಗೋಡೆಸಮೇತ ಕುಸಿದು, ನಾನು, ಅವ್ವ, ಅಜ್ಜಿ ಹನುಮಂತಮ್ಮ ಸಮುದಾಯ ಭವನದ ಪಡಸಾಲೆಗೆ ಬಂದು ಬಿದ್ದಿದ್ದೆವು. ಗಿಣಿಗೇರಾದ ಕಾರ್ಖಾನೆಯಲ್ಲಿ ದುಡಿಯುವ ಅಪ್ಪ ವಾರದ ರಜೆಗೆ ಬಂದರೆ ಅಲ್ಲಿಯೇ ಒಂದು ಕಂಬಕ್ಕೆ ಒರಗಿ ಮಲಗುತ್ತಿದ್ದ. ಅಜ್ಜಿಗೆ ಎದೆಯಲ್ಲಿ ಗೊರಗೊರ ಸದ್ದು. ಇನ್ನೊಂದು ಮಳೆಗಾಲವನ್ನು ಥಂಡಿ ನೆಲದ ಮೇಲೆ ಕಳೆಯಬಾರದೆಂದು ಡಾಕ್ಟರು ಹೇಳಿದ್ದರು. ಸಮೀಕ್ಷೆಯಲ್ಲಿ ಹೆಸರು ಬಂದರೆ ಮನೆ, ಇಲ್ಲವಾದರೆ ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಆದರೆ ಮಾನ್ಯರೇ, ಅಜ್ಜಿಯದೊಂದು ದೋಷವಿದೆ. ಕೆಟ್ಟದ್ದನ್ನು ಅವಳು ಬಾಯಿಂದ ಆಡುವುದಿಲ್ಲ. ದೀಪ ಆರಿದರೆ ನಮ್ಮ ಕಡೆಯ ಹಿರಿಯರು ಆರಿತು ಎನ್ನುವುದಿಲ್ಲ, ದೊಡ್ಡದಾಯಿತು ಎನ್ನುತ್ತಾರೆ. ಬಳೆ ಒಡೆದರೆ ಹೆಚ್ಚಾದವು. ಗಡಿಗೆಯಲ್ಲಿ ಕಾಳು ಮುಗಿದರೆ ಅದೂ ಹೆಚ್ಚಾಯಿತು. ಮನೆಯಿಂದ ಹೊರಟವರು ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುತ್ತಾರೆ. ಅದರಲ್ಲೂ ದೀಪ ಹಚ್ಚಿದ ಹೊತ್ತಿನಲ್ಲಿ ಅಶುಭ ನುಡಿದರೆ ಅದೇ ನಿಜವಾಗುತ್ತದೆಂದು ಅಜ್ಜಿಯ ನಂಬಿಕೆ. ಹೀಗಾಗಿ ಸುರೇಖಾ ಅಕ್ಕ ತಮ್ಮನ್ನು ಅವಳ ಬಾಯಿಯ ಹತ್ತಿರ ಹಿಡಿದು, "ಅಜ್ಜೀ, ನಿಮ್ಮ ಮನಿ ಏನಾತು, ಹೇಳ್ರಿ" ಎಂದಾಗ ಅಜ್ಜಿ ಸೆರಗು ಸರಿಮಾಡಿಕೊಂಡು, "ಹ್ವಾದ ಮಳಿಗೆ ನಮ್ಮ ಮನಿ ದೊಡ್ಡದಾತವ್ವ" ಎಂದಳು. ಕಾಳುಕಡಿ ಎಷ್ಟಿವೆ ಎಂದರೆ, "ಜ್ವಾಳ ಎಲ್ಲಾ ಹೆಚ್ಚಾದ್ವು." ಬಂಗಾರ ಗಿಂಗಾರ ಇದೆಯೇ ಎಂದರೆ, "ಎಲ್ಲೀ ಬಂಗಾರ ತಂಗಿ, ಗ್ವಾಡಿ ಬಿದ್ದ ದಿನ ಸೊಸಿ ಕೈಯಾಗಿನ ಬಳಿನೂ ಹೆಚ್ಚಾದ್ವು."

ತಾವು ಬರೆದುಕೊಂಡಿರಿ: ಮನೆ, ವಿಸ್ತರಿಸಲಾಗಿದೆ. ಧಾನ್ಯ, ಹೆಚ್ಚುವರಿ. ಆಭರಣ, ಏರಿಕೆ. ಷರಾ, ಅನರ್ಹರು. ಸುರೇಖಾ ಅಕ್ಕ ಹಣೆಹಣೆ ಬಡಿದುಕೊಂಡು ಅಳಿಸಲು ನೋಡಿದಳು. ತಾವು ಬೀಗ ಹಾಕಿಕೊಂಡಾಗಿತ್ತು.

ಅಂದಿನಿಂದ ಊರಿನಲ್ಲಿ ನಮಗೆ ಸಿಕ್ಕಿರುವ ಮರ್ಯಾದೆಗೆ ತಮಗೆ ಎಷ್ಟು ವಂದಿಸಿದರೂ ಸಾಲದು. ಕಟ್ಟೆಯ ಮೇಲೆ ಕೂತವರು ನನ್ನನ್ನು ಕಂಡರೆ, "ಬರ್ರಿ ದೊಡ್ಮನಿ ಗೌಡ್ರ, ಇತ್ತಾಗ ಬರ್ರಿ" ಎಂದು ಜಾಗ ಬಿಡುತ್ತಾರೆ. ತಮ್ಮಲ್ಲಿ ನನ್ನದೊಂದು ಸಣ್ಣ ಕೋರಿಕೆ. ವಿಸ್ತರಿಸಿದ ಭಾಗ ಯಾವ ದಿಕ್ಕಿಗಿದೆ ಎಂದು ತಾವು ಒಮ್ಮೆ ಬಂದು ತೋರಿಸಿದರೆ ರಜೆಗೆ ಬಂದ ಅಪ್ಪನನ್ನು ಈ ಬಯಲಿನಿಂದ ಎಬ್ಬಿಸಿ ಅಲ್ಲಿ ಮಲಗಿಸಬಹುದು. ಮಹಡಿಯೂ ಇದ್ದರೆ ಮೆಟ್ಟಿಲು ಎಲ್ಲಿಂದ ಹತ್ತಬೇಕೆಂದು ತಿಳಿಸಿ. ಇಷ್ಟು ದೊಡ್ಡ ಮನೆ ನಮಗೆ ಹೆಚ್ಚಾಗಿರುವುದರಿಂದ ತಾವೇ ಬರುವ ಮಳೆಗಾಲಕ್ಕೆ ಅತಿಥಿಗಳಾಗಿ ಬಂದು ಉಳಿಯಬೇಕೆಂದೂ ಕೋರುತ್ತೇನೆ. ನೀರು ಬಿದ್ದು ತಮ್ಮ ಆರೋಗ್ಯ ಕೆಟ್ಟರೆ ಹೆದರಬೇಡಿ. ನೆಂದ ಮೊಬೈಲುಗಳನ್ನು ಕಾಳಿನಲ್ಲಿ ಹೂತಿಟ್ಟರೆ ಗುಣವಾಗುತ್ತವಂತೆ, ನಮ್ಮಲ್ಲಿ ಕಾಳು ಹೆಚ್ಚುವರಿ ಇದೆಯೆಂದು ತಾವೇ ಬರೆದಿದ್ದೀರಿ.

ಇನ್ನು ಜನಜಾಗೃತಿ ಕಾರ್ಯಕ್ರಮದ ವಿಚಾರ. ಯಾರೂ ಸೂರಿಲ್ಲದೆ ಇರಬಾರದು, ಅದಕ್ಕೆ ಜನರೂ ಕೈಜೋಡಿಸಬೇಕು ಎಂದು ಸರ್ಕಾರ ಅನುದಾನ ಕೊಟ್ಟಿತ್ತು. ಅನುದಾನ ಬಂದದ್ದು ಸುಳ್ಳಲ್ಲ, ನಾನೇ ಕಣ್ಣಾರೆ ಕಂಡೆ: ಅದು ಶಾಮಿಯಾನವಾಗಿ, ಹಾರವಾಗಿ, ಒಗ್ಗರಣೆ ಮಿರ್ಚಿಯಾಗಿ, "ನಿಮ್ಮ ಮನೆ, ನಮ್ಮ ಹೊಣೆ" ಎಂದು ಬರೆದ ದೊಡ್ಡ ಫ್ಲೆಕ್ಸಾಗಿ ಬಂತು. ಜಾಗ ಸಮುದಾಯ ಭವನ. ಪಂಚಾಯಿತಿಯ ಪಿಡಿಒ ಪಂಪಾಪತಿ ಸಾಹೇಬರು ಬಂದು, "ಕನಕಾ, ನಿಮ್ಮ ಸಾಮಾನು ಹಿಂದ್ಕ ಸರಸಪಾ, ನಾಳಿ ಮನಿ ಇಲ್ಲದವರ ಕಾರ್ಯಕ್ರಮ ಐತಿ" ಎಂದರು. "ಅದಕ್ಕ ನಾವು ಇರಬಾರದೇನ್ರಿ?" ಎಂದು ಕೇಳಿದೆ. ಅವರು ಒಳ್ಳೆಯವರು, ನೆಲ ನೋಡಿದರು. ಶಾಮಿಯಾನದ ಕೆಲಸವೂ ನನ್ನದೇ ಆದ್ದರಿಂದ ಬೆಳಿಗ್ಗೆ ಅಜ್ಜಿಯ ಕೌದಿ, ಅವ್ವನ ಒಲೆ ಎತ್ತಿ ಹಿಂದಿನ ಬಯಲಿಗೆ ಹಾಕಿ, ಅದೇ ಜಾಗದಲ್ಲಿ ಗಣ್ಯರಿಗೆ ಕುರ್ಚಿ ಹಾಕಿದೆ. ಹಗ್ಗ ಎಳೆಯುತ್ತಿದ್ದ ಮಕ್ಬುಲಸಾಬರು, "ಬೇಟಾ, ಭಾಳ ಪೆಂಡಾಲ ಹಾಕೀನಿ, ತನ್ನ ಮನಿ ತಾನ ಕಿತ್ತಿ ಅದರ ಮ್ಯಾಲ ಪೆಂಡಾಲ ಹಾಕಿದವನ್ನ ನಿನ್ನ ಒಬ್ಬನ್ನ ನೋಡಿದೆ" ಎಂದರು.

ಅತಿಥಿಗಳು ಸಂಜೆಯ ಹೊತ್ತಿಗೆ ಬಂದರು. ದೊಡ್ಡ ಹಿತ್ತಾಳೆ ದೀಪದ ಸಮೆಯ ಬತ್ತಿಗಳನ್ನು ಹಚ್ಚಿ, ಈ ಬೆಳಕು ಪ್ರತಿ ಬಡವನ ಮನೆಗೂ ತಲುಪಲಿ ಎಂದು ಒಬ್ಬರು ಹೇಳುತ್ತಿರುವಾಗಲೇ ಬೇಸಿಗೆಯ ಗಾಳಿ ಬೀಸಿ ಬತ್ತಿಗಳೆಲ್ಲ ಆರಿದವು. ಆಗ ಮಾನ್ಯರೇ, ಪಂಪಾಪತಿ ಸಾಹೇಬರು ಮೈಕಿನಲ್ಲಿ, ಊರಿಗೆಲ್ಲ ಕೇಳುವಂತೆ, "ದೀಪ ದೊಡ್ಡದಾತ್ರಿ, ಯಾರರ ಕಡ್ಡಿಪೆಟ್ಗಿ ಕೊಡ್ರಿ" ಎಂದುಬಿಟ್ಟರು. ಕಂಬ ಹಿಡಿದು ನಿಂತಿದ್ದ ನನ್ನ ಬಾಯಿ ಸುಮ್ಮನಿರಲಿಲ್ಲ. "ದೊಡ್ಡದಾದ ಮ್ಯಾಲ ಕಡ್ಡಿ ಯಾಕ್ರೀ ಸಾಹೇಬ್ರ? ವಿಸ್ತರಣಾ ಆಗೇತಲ್ಲ" ಎಂದೆ. ಮೊದಲು ಹೆಂಗಸರ ಕಡೆ ನಗು ಎದ್ದಿತು, ಆಮೇಲೆ ಇಡೀ ಪೆಂಡಾಲು.

ಸಾಹೇಬರು ವೇದಿಕೆಯಿಂದ ಇಳಿದು ಬಂದು ಮೆಲ್ಲಗೆ ಹೇಳಿದರು: "ನನಗ ಗೊತ್ತೈತಪಾ, ಊರಿಗೇ ಗೊತ್ತೈತಿ. ಟ್ಯಾಬಿಗೆ ಗೊತ್ತಿಲ್ಲಲ್ಲ." ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದು ಒಬ್ಬರಿಗೆ ಗೊತ್ತಿಲ್ಲದಿದ್ದರೆ, ಆ ಒಬ್ಬರು ಹೇಳಿದ್ದೇ ನಡೆಯಬೇಕೆಂಬುದು ಆಡಳಿತದ ನಿಯಮವಿರಬೇಕು. ಆದರೂ ಒಂದು ದಾರಿಯಿತ್ತು. ಆಕ್ಷೇಪಣೆಗೆ ಅದೇ ಕಡೆಯ ದಿನ. ಪೋರ್ಟಲ್ ಮುಚ್ಚುವುದರೊಳಗೆ ಮನೆಯ ಯಜಮಾನಿ ತನ್ನ ದನಿಯಲ್ಲಿ "ನನಗ ಮನಿ ಇಲ್ಲ" ಎಂದು ಒಂದು ಸಲ ಹೇಳಿದರೆ ತಮ್ಮ ಬೀಗ ತೆರೆಯುತ್ತಿತ್ತು.

ಅಜ್ಜಿಯನ್ನು ಕರೆತಂದೆವು. ಅಷ್ಟರಲ್ಲಿ ದೀಪ ಮತ್ತೆ ಹಚ್ಚಿದ್ದರು. ಸುರೇಖಾ ಅಕ್ಕ ತಮ್ಮನ್ನು ಹಿಡಿದು, "ಅಜ್ಜೀ, ಇಲ್ಲ ಅನ್ರಿ, ಒಂದ ಮಾತು. ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು. ಅಜ್ಜಿ ದೀಪ ನೋಡಿದಳು, ನನ್ನನ್ನು ನೋಡಿದಳು. "ಹಚ್ಚಿದ ದೀಪದ ಮುಂದ ಮನಿ ಇಲ್ಲ ಅಂತ ಹ್ಯಾಂಗ ಅನ್ಲೆವ್ವ? ಇವನ ಲಗ್ನ ಇನ್ನ ಆಗಿಲ್ಲ." ಮಕ್ಬುಲಸಾಬರು ನನ್ನ ಕಿವಿಯಲ್ಲಿ, "ನಿನ್ನ ದನಿ ಹೆಂಗೂ ಕೀರಲ ಐತಿ, ಮುದುಕಿ ಹಂಗ ನೀನ ಅಂದ್ಬಿಡು, ಅದಕ್ಕೇನ ತಿಳಿತೈತಿ" ಎಂದರು. ಅನ್ನಬಹುದಿತ್ತು. ಆದರೆ ನಿಜವನ್ನು ಸುಳ್ಳು ದನಿಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ನಮ್ಮ ಮನೆತನದಲ್ಲಿ ಬಾಯಿಯ ರೋಗ ಅಜ್ಜಿಯದೊಂದು ಬಗೆ, ನನ್ನದೊಂದು ಬಗೆ. ಕೊನೆಗೆ ಎಲ್ಲರೂ ಗೋಗರೆದ ಮೇಲೆ, ಅಜ್ಜಿ ಕಣ್ಣು ಮುಚ್ಚಿ, ಹೋದವರನ್ನು ನೆನೆಯುವ ದನಿಯಲ್ಲಿ, "ಮನಿ... ಬರ್ತೈತಿ" ಎಂದಳು. ಹೋಯಿತು ಎನ್ನಲು ಅವಳಿಗೆ ಬರುವ ಮಾತು ಅದೊಂದೇ, ಅದಕ್ಕಿಂತ ಹೆಚ್ಚಿನ ಅಶುಭ ಅವಳ ಬಾಯಿಂದ ಹೊರಡದು. ಪೆಂಡಾಲಿನಲ್ಲಿ ಒಬ್ಬರೂ ನಗಲಿಲ್ಲ.

ತಾವು ಬರೆದುಕೊಂಡಿರಿ: ಮನೆ, ನಿರ್ಮಾಣ ಹಂತದಲ್ಲಿದೆ.

ಈಗ ಮೊಬೈಲಿಗೆ ತಮ್ಮ ಸಂದೇಶ ಬಂದಿದೆ. ನಿರ್ಮಾಣದ ಫೋಟೊವನ್ನು ಮಳೆಗಾಲಕ್ಕೆ ಮುಂಚೆ ಕಳಿಸಬೇಕಂತೆ. ತೆಗೆದಿದ್ದೇವೆ. ಕಾರ್ಯಕ್ರಮದ ನೆನಪಿಗೆ ಬಣ್ಣ ಬಳಿದ ಸಮುದಾಯ ಭವನಕ್ಕೆ, ಬಣ್ಣ ಕೆಡಬಾರದೆಂದು ಮೇಲಿನವರು ಗೇಟು ಹಾಕಿಸಿದ್ದರಿಂದ ನಾವು ಬಯಲಿನಲ್ಲಿಯೇ ಉಳಿದು, ಮಕ್ಬುಲಸಾಬರು ಕೊಟ್ಟ ಬಿದಿರಿನ ಗಳುಗಳ ಮೇಲೆ ಆ ಫ್ಲೆಕ್ಸನ್ನು ಎಳೆದು ಕಟ್ಟಿದ್ದೇವೆ. ಅಕ್ಷರಗಳು ಒಳಮುಖಕ್ಕಿವೆ. ಓದಲು ಬಾರದ ಅಜ್ಜಿ ಮಲಗಿದಲ್ಲಿಂದಲೇ, "ಏನ ಬರದಾರೋ ಅದು?" ಎಂದು ಕೇಳುತ್ತಾಳೆ, ನಾನು ಇದ್ದದ್ದನ್ನು ಇದ್ದಂತೆ ಓದುತ್ತೇನೆ. "ಛಲೋ ಬರದಾರ," ಎಂದು ಕೆಮ್ಮುತ್ತಾಳೆ. ಸರ್ಕಾರದ ಹೊಣೆ ನಮ್ಮ ತಲೆಯ ಮೇಲೆ ಇಷ್ಟು ಹತ್ತಿರ ಇರುವುದು ಜಿಲ್ಲೆಯಲ್ಲಿ ನಮಗೊಬ್ಬರಿಗೇ ಇರಬೇಕು.

ತಮ್ಮಲ್ಲಿ ಕಡೆಯದಾಗಿ ಬೇಡುವುದಿಷ್ಟೇ. ಅಜ್ಜಿಗೆ ಈ ವಯಸ್ಸಿನಲ್ಲಿ ಹೊಸ ಮಾತು ಕಲಿಸಲಾಗದು. ತಾವು ಚಿಕ್ಕವರು, ನಿನ್ನೆ ಮೊನ್ನೆ ಹುಟ್ಟಿದವರು, ತಾವೇ ಅವಳ ಮಾತನ್ನು ಕಲಿಯಬೇಕು. ಅಷ್ಟು ಆಗದಿದ್ದರೆ ಪಂಪಾಪತಿ ಸಾಹೇಬರಿಗೆ ತಮ್ಮನ್ನು ತಿದ್ದುವ ಅಧಿಕಾರ ಕೊಡಿಸಿ. ಅವರು ಒಬ್ಬಿಬ್ಬರು ತಮ್ಮವರನ್ನು ಒಳಗೆ ಹಾಕಿದರೂ ಹಾಕಲಿ, ಮನೆ ಬಿದ್ದದ್ದು ಅವರಿಗೆ ತಿಳಿಯುತ್ತದೆ.

ಮೋಡ ನೋಡುತ್ತಾ ಉತ್ತರಕ್ಕೆ ಕಾದಿರುವ,
ತಮ್ಮ ವಿಶ್ವಾಸಿ,
ದೊಡ್ಡ ಮನೆಯ ಕನಕರಾಜ

ತಾ.ಕ.: ಈ ಪತ್ರವನ್ನು ಅಜ್ಜಿಗೆ ಓದಿ ಹೇಳಿದೆ. "ಯಂತ್ರ ಆದ್ರೂ ಸರಕಾರದ್ದು, ಹಂಗ ಬೈದು ಮುಗಸಬ್ಯಾಡ, ಕಡೀಕ ಒಂದ ಶುಭದ ಮಾತು ಬರಿ" ಎಂದಳು. ಹಿರಿಯರ ಮಾತು ಮೀರುವವನಲ್ಲ. ಆದ್ದರಿಂದ ತಾವು, ತಮ್ಮ ಪೋರ್ಟಲ್ಲು, ತಮ್ಮನ್ನು ಕಳಿಸಿದ ಅಭಿಯಾನ, ಎಲ್ಲವೂ ಈ ಮಳೆಗಾಲದೊಳಗೆ ನಮ್ಮ ಮನೆಯಷ್ಟೇ ದೊಡ್ಡದಾಗಲಿ.