ಪಾತಾಳಗರಡಿಗೆ ಇಟ್ಟ ಒತ್ತೆ

ದೇವರಿಗೆ ಪ್ಲಾಸ್ಟಿಕ್ ಕೊಡದ ನೀರು ಎರೆಯುವುದು ಯಾವ ನ್ಯಾಯ ಎಂಬ ಪ್ರಶ್ನೆ ಕಾಶಪ್ಪನ ತಲೆಗೆ ಹೊಕ್ಕದ್ದು ಹೆಂಡತಿ ಊರಲ್ಲಿಲ್ಲದ ದಿನ. (ಅವಳಿದ್ದಾಗ ಪ್ರಶ್ನೆಗಳು ಬರುತ್ತಿರಲಿಲ್ಲ, ಬಂದರೂ ಹೊಸ್ತಿಲಾಚೆಯೇ ನಿಲ್ಲುತ್ತಿದ್ದವು.) ತಂಗಿಯ ಮನೆಗೆಂದು ಚಿಂಚೋಳಿಗೆ ಹೊರಟ ಭುವನೇಶ್ವರಿ ಬಸ್ಸಿನ ಕಿಟಕಿಯಿಂದಲೂ ಹೇಳಿ ಹೋಗಿದ್ದಳು: ಪೂಜೆಗೆ ಬಾವಿಯ ನೀರೇ ಆಗಬೇಕು, ಆದರೆ ತವರಿನ ತಾಮ್ರದ ಕೊಡ ಮುಟ್ಟಬಾರದು. ಅದು ಅವಳವ್ವ ಕೊಟ್ಟದ್ದು. ಅವ್ವ ಈಗಿಲ್ಲ.

ಭಕ್ತಿ ಗೆದ್ದಿತು. ಕಾಶಪ್ಪ ಮಡಿಯುಟ್ಟು, ತಾಮ್ರದ ಕೊಡಕ್ಕೇ ಹಗ್ಗ ಬಿಗಿದು ಬಾವಿಗಿಳಿಸಿದ. ಸೇದಿದಾಗ ಹಗ್ಗ ಮಾತ್ರ ಮೇಲೆ ಬಂತು. ಮಂತ್ರ ಹೇಳುತ್ತ ಹಾಕಿದ ಗಂಟು ಮಂತ್ರ ಮುಗಿದೊಡನೆ ಬಿಚ್ಚಿಕೊಂಡಿತ್ತು.

ಓಣಿಗೆಲ್ಲ ಒಂದೇ ಪಾತಾಳಗರಡಿ, ಅದು ಸರ್ವರಬೇಗಂ ಮನೆಯಲ್ಲಿ. ಕಬ್ಬಿಣದ ಬಳೆ, ಅದರ ಸುತ್ತ ಗೊಂಚಲುಗೊಂಚಲು ಕೊಕ್ಕೆ. ಬಾವಿಯ ತಳದಲ್ಲಿ ಆಡಿಸಿದರೆ ಬಿದ್ದದ್ದು ಸಿಕ್ಕಿಕೊಂಡು ಬರುತ್ತದೆ. ಆದರೆ ಹಳೆಯ ವಾಡಿಕೆಯೊಂದಿದೆ: ಗರಡಿ ಒಯ್ಯುವವರು ತಾಮ್ರದ್ದೋ ಹಿತ್ತಾಳೆಯದ್ದೋ ಪಾತ್ರೆ ಒತ್ತೆ ಇಡಬೇಕು. ಕಾಶಪ್ಪ ತಂಬಿಗೆ ಹಿಡಿದು ಹೋದ. ಓಣಿಯವರೆಲ್ಲ ಆಪಾ ಎನ್ನುವ ಆ ಮುದುಕಿ ತಂಬಿಗೆಯನ್ನೂ ಅವನ ಕೈಗಳನ್ನೂ ನೋಡಿ, ಇಂಥ ಕೈಗೆ ಇಷ್ಟು ಒತ್ತೆ ಸಾಲದು ಎಂದಳು. ಕೊನೆಗೆ ಒಲೆಯ ಮೇಲಿದ್ದ ಸ್ನಾನದ ಹಂಡೆಯೇ ಹೋಯಿತು.

ಬಾವಿಕಟ್ಟೆಗೆ ಬಗ್ಗಿ ಕಾಶಪ್ಪ ಸಮುದ್ರಮಥನವನ್ನೇ ನಡೆಸಿದ. ಮೊದಲು ಉದ್ಭವಿಸಿದ್ದು ಹರಿದ ಚಪ್ಪಲಿ. ಆಮೇಲೆ ಸೈಕಲ್ ಗಾಲಿ. ಹನುಮಪ್ಪನಿಗೆ ಒಂದು ಕಾಯಿ ಎಂದ, ಏನೂ ಬರಲಿಲ್ಲ. ಎರಡು ಕಾಯಿ ಎಂದ. ಕೊಡದ ಕಂಠ ಕೊಕ್ಕೆಗೆ ಬಿತ್ತು. ಗರಡಿಯನ್ನು ಕಟ್ಟೆಯ ಮೇಲಿಟ್ಟು, ಜಾತ್ರೆಯಲ್ಲಿ ಕಳೆದ ಕೂಸು ಸಿಕ್ಕಂತೆ ಕೊಡವನ್ನು ಎರಡೂ ಕೈಯಿಂದ ಎದೆಗವಚಿಕೊಂಡು ತಿರುಗಿದ. ಕೊಡದ ತಳ ಗರಡಿಗೆ ತಾಕಿತು. ಹಗ್ಗದ ತುದಿಯನ್ನು ಎಲ್ಲಿಗೂ ಕಟ್ಟಿರಲಿಲ್ಲ. ಅದು ಹಾವಿನ ಬಾಲದಂತೆ ಕಟ್ಟೆ ದಾಟುವುದಷ್ಟೇ ಕಂಡಿತು. ಆಮೇಲೆ ಬುಳುಕ್ ಎಂಬ ಸದ್ದು. ಗರಡಿ ತೆಗೆಯಲು ಗರಡಿ ಬೇಕು, ಓಣಿಗೆ ಇದ್ದದ್ದು ಅದೊಂದೇ.

ಸಂಜೆ ಭುವನೇಶ್ವರಿ ಬಂದಾಗ ಕೊಡ ತನ್ನ ಜಾಗದಲ್ಲಿತ್ತು. ಹುಣಸೆಹಣ್ಣು ಹಚ್ಚಿ ಬೆಳಗಿದ್ದರಿಂದ ಥಳಥಳ ಹೊಳೆಯುತ್ತಿತ್ತು. ಅವಳು ಕೊಡ ನೋಡಿದಳು, ಗಂಡನನ್ನು ನೋಡಿದಳು. ಮದುವೆಯಾದಾಗಿನಿಂದ ಚಹಾದ ಕಪ್ಪೂ ತೊಳೆಯದ ಮನುಷ್ಯ.

“ಕೊಡ ಯಾಕ ಬೆಳಗೀರಿ?”

“ಧೂಳ ಕುಂತಿತ್ತು.”

“ಹಂಡಿ ಎಲ್ಲಿ ಅದ?”

ಹಂಡೆಯನ್ನೂ ಧೂಳು ತಿಂದಿತು ಎನ್ನುವ ಧೈರ್ಯ ಬರಲಿಲ್ಲ. ಕಾಶಪ್ಪ ಮೊದಲಿನಿಂದ ಕಡೆಯವರೆಗೆ ಎಲ್ಲ ಒಪ್ಪಿಸಿದ. ಅವಳು ಸೆರಗು ಸರಿಮಾಡಿಕೊಂಡು ಆಪಾನ ಮನೆಗೆ ನಡೆದಳು. ಹಿಂದೆ ಅವನು.

“ಆಪಾ, ಬಸ್ಸಿನ್ಯಾಗ ಬಂದು ಮೈಯೆಲ್ಲ ಅಂಟಂಟಾಗೇದ, ಜಳಕಾ ಮಾಡಬೇಕು. ಹಂಡಿ ಕೊಡ್ರಿ. ಗರಡಿ ಬಾವ್ಯಾಗ ಬಿದ್ದೇದ, ಅದು ಸಿಗೋತನ ಇವರನ್ನೇ ಒತ್ತಿ ಇಟ್ಕೋರಿ.”

ಆಪಾ ಅಡಕೊತ್ತು ಕೆಳಗಿಟ್ಟು ಕಾಶಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಹಂಗ ನಡಿಯಂಗಿಲ್ಲ ಬೇಟಿ. ಒತ್ತಿ ಅಂದ್ರ, ಬಿಡಿಸ್ಕೊಂಡು ಹೋಗಲಿಕ್ಕ ಮಂದಿ ತಿರುಗಿ ಬರೂವಂಥಾದ್ದು ಇರಬೇಕು.”

ಭುವನೇಶ್ವರಿ ಗಂಡನ ಮುಖ ನೋಡಿ ಯೋಚಿಸಿದಳು. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಯೋಚಿಸಿದಳು.

“ಅದೂ ಖರೇನೇ ಬಿಡ್ರಿ,” ಎಂದು ಹಂಡೆಯನ್ನು ಅಲ್ಲೇ ಬಿಟ್ಟು ಹೊರಟಳು. ಯಾರೂ ಇಟ್ಟುಕೊಳ್ಳದ ಒತ್ತೆ ಅವಳ ಹಿಂದೆ ನಡೆಯಿತು.