ಕುದುರೆ ಇಳಿದ ಜನರಲ್, ಗೋಡೆ ಹಾರಿದ ಚಾಲಕ

ಎಲ್ಲದಕ್ಕೂ ಮೂಲ ಒಂದು ಸಾಲ್ತೆನ್ಯಾ. ಕರ್ಜಿಕಾಯಿಯ ಆಕಾರದ, ಹೊಟ್ಟೆ ತುಂಬ ಕೋಳಿ ಚೂರು ಮತ್ತು ಬಿಸಿ ಸಾರು ಇಟ್ಟುಕೊಂಡ ಈ ತಿಂಡಿಯನ್ನು ಒಂದು ಹನಿಯೂ ಚೆಲ್ಲದಂತೆ ತಿನ್ನಬಲ್ಲವನೇ ಲಾ ಪಾಸ್ ನಗರದಲ್ಲಿ ಗಂಡಸು. ಎಲಿಯೊದೋರೊ ಚಂಬಿ ಅಂಥ ಗಂಡಸೇ ಆಗಿದ್ದ, ಆದರೆ ಅವನ ಮಿನಿಬಸ್ಸು ನಿಂತಿರುವಾಗ ಮಾತ್ರ.

ಕಳೆದ ಆಗಸ್ಟಿನಲ್ಲಿ ಅವನು ಒಂದು ವಾದ್ಯದ ತಂಡವನ್ನು ಗಡಿಯಾಚೆ ಪೆರುವಿನ ಪುಕಾಮಾಯು ಎಂಬ ಊರಿಗೆ ಬಿಟ್ಟು, ಬೆಳಗಿನ ಚಳಿಯಲ್ಲಿ ವಾಪಸು ಹೊರಟಿದ್ದ. ಊರ ನಡುವಿನ ಚೌಕದಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಯುತ್ತಲೇ, ಮನೆಯಿಂದ ಕಟ್ಟಿ ತಂದಿದ್ದ ಸಾಲ್ತೆನ್ಯಾಕ್ಕೆ ಬಾಯಿ ಹಾಕಿದ. ಸಾರಥಿಗೆ ಸಾರು ಅತಿಯಾಯಿತು. ಮಡಿಲಿಗೆ ಇಳಿದದ್ದನ್ನು ಒರೆಸಲು ಅವನು ತಲೆ ಬಗ್ಗಿಸಿದ. ತಲೆ ಎತ್ತುವಷ್ಟರಲ್ಲಿ, ಪುಕಾಮಾಯುವಿನ ಹೆಮ್ಮೆಯಾಗಿದ್ದ ಕಂಚಿನ ಜನರಲ್ ಸಾಹೇಬರು ಕುದುರೆಯಿಂದ ಇಳಿದು ಹೂವಿನ ಪಾತಿಯಲ್ಲಿ ಬೋರಲು ಮಲಗಿದ್ದರು.

ಆಗಸ್ಟಿನ ಗಾಳಿ ತಗಡಿನ ಮಾಡುಗಳನ್ನು ಹಾರಿಸುತ್ತಿದ್ದ ಕಾಲ. ಸುತ್ತ ಒಂದು ನಾಯಿಯೂ ಇರಲಿಲ್ಲ. ಎಲಿಯೊದೋರೊ ಗಡಿ ದಾಟಿ ಮನೆಗೆ ಬಂದು ಪ್ಯಾಂಟು ಒಗೆದ. ಆಮೇಲೆ ಈ ಗುಟ್ಟನ್ನು ಒಬ್ಬನಿಗೆ ಮಾತ್ರ ಹೇಳಿದ. ಅವನು ಫೌಸ್ತೊ, ಅದೇ ದಾರಿಯಲ್ಲಿ ಇನ್ನೊಂದು ಮಿನಿಬಸ್ಸು ಓಡಿಸುವವನು, ಎಲಿಯೊದೋರೊನ ಮಗಳ ನಾಮಕರಣಕ್ಕೆ ಧರ್ಮಪಿತನಾಗಿ ನಿಂತವನು. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ‘ಕೊಂಪಾದ್ರೆ’. ಕೊಂಪಾದ್ರೆಯ ಬಳಿ ಮುಚ್ಚುಮರೆ ಇರಬಾರದು. ಆದರೆ ಫೌಸ್ತೊನ ಬಾಯಿ ಅವನ ಬಸ್ಸಿನ ಬಾಗಿಲಿನಂತೆ: ಹಗ್ಗ ಕಟ್ಟಿದರೂ ತೆರೆದುಕೊಳ್ಳುವಂಥದ್ದು.

ಐದು ತಿಂಗಳು ಏನೂ ಆಗಲಿಲ್ಲ. ಜನವರಿಯ ಅಲಸೀತಾಸ್ ಹಬ್ಬದ ಬೆಳಿಗ್ಗೆ ಎಲಿಯೊದೋರೊ ಹಲ್ಲುಜ್ಜುತ್ತಿದ್ದಾಗ ಚಾಲಕರ ಸಂಘದ ಗುಂಪಿನಿಂದ ಅವನ ಫೋನಿಗೆ ಒಂದು ಚಿತ್ರ ಬಂತು. ದಿನಪತ್ರಿಕೆಯ ಮುಖಪುಟ. ‘ಜನರಲ್‌ರನ್ನು ಉರುಳಿಸಿದ ಚಾಲಕ ಚಂಬಿ ಪೆರುವಿಗೆ ಹಸ್ತಾಂತರ: ಮಂತ್ರಿಗಳ ಸಹಿ, ಇಂದೇ ಬಂಧನ.’ ಕೆಳಗೆ ಅವನದೇ ಫೋಟೊ. ಸಂಘದ ಫುಟ್‌ಬಾಲ್ ಪಂದ್ಯದಲ್ಲಿ ಗೋಲು ಬಿಟ್ಟುಕೊಟ್ಟು ಬಾಯಿ ತೆರೆದು ನಿಂತದ್ದು.

ಎಲಿಯೊದೋರೊ ಪೇಸ್ಟನ್ನು ನುಂಗಿಬಿಟ್ಟ. ಪುಕಾಮಾಯುವಿನ ಜೈಲಿನಲ್ಲಿ ಚಳಿಗೆ ಹೆಪ್ಪುಗಟ್ಟಿದ ಕುಡಿಯುವ ನೀರನ್ನು ಕಲ್ಲಿನಿಂದ ಒಡೆದು ಕೊಡುತ್ತಾರೆಂದು ಅವನು ಕೇಳಿದ್ದ. ಆ ಊರಿನವರು ಜನರಲ್‌ರ ಹುಟ್ಟುಹಬ್ಬಕ್ಕೆ ಅವರ ಕುದುರೆಗೂ ಕೇಕು ತಿನ್ನಿಸುವವರೆಂದೂ ಕೇಳಿದ್ದ.

ಅವನು ಬಾಡಿಗೆಗಿದ್ದ ಮನೆಯ ಒಡತಿ ದೋನ್ಯಾ ನಿಕಾನೋರಾ ಆಗಲೇ ಗುಂಡು ಟೋಪಿ ಏರಿಸಿ ಹಬ್ಬದ ಸಂತೆಗೆ ಹೊರಟು ನಿಂತಿದ್ದಳು. ಅಲಸೀತಾಸ್ ಎಂದರೆ ಪುಟಾಣಿಗಳ ಸಂತೆ. ಹೆಬ್ಬೆರಳಿನಷ್ಟು ಮನೆ, ಬೆಂಕಿಪೊಟ್ಟಣದಷ್ಟು ಬಸ್ಸು, ಉಗುರಿನಷ್ಟು ಪದವಿಪತ್ರ, ಯಾರಿಗೆ ಏನು ಬೇಕೋ ಅದರ ಮರಿಯನ್ನು ಕೊಂಡು ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಧೂಪದ ಹೊಗೆ ಹಾಕಿಸಿ, ಮಂತ್ರ ಹೇಳಿಸಿಬಿಟ್ಟರೆ ಆ ವರ್ಷದೊಳಗೆ ಅದು ದೊಡ್ಡದಾಗಿ ಮನೆಗೆ ಬರುತ್ತದೆ. ಹೋದ ವರ್ಷ ದೋನ್ಯಾ ಪುಟಾಣಿ ಫ್ರಿಜ್ ಕೊಂಡಿದ್ದಳು. ಅಳಿಯ ನಿಜವಾದದ್ದನ್ನು ತಂದು ಇಳಿಸಿದ. ಅಂದಿನಿಂದ ಅವಳ ಭಕ್ತಿಗೆ ಎರಡು ಬಾಗಿಲು, ಒಳಗೊಂದು ದೀಪ.

ಅವನ ಫೋನನ್ನು ಕನ್ನಡಕದ ಹತ್ತಿರಕ್ಕೂ ದೂರಕ್ಕೂ ಹಿಡಿದು ನೋಡಿ ಅವಳು ತೀರ್ಪು ಕೊಟ್ಟಳು.

“ದೋನ್ ಎಲಿಯೊ, ಅಳ್ತಾ ಕೂತ್ರೆ ಪೊಲೀಸ್ರು ಸಮಾಧಾನ ಮಾಡೋಕೆ ಬರಲ್ಲ. ಯಾವುದಾದ್ರೂ ರಾಯಭಾರ ಕಚೇರಿಗೆ ನುಗ್ಗಿ. ಒಳಗೆ ಕಾಲಿಟ್ರೆ ಮುಗೀತು, ನಮ್ಮ ಸರ್ಕಾರ ನಿಮ್ಮ ಕೂದ್ಲೂ ಮುಟ್ಟೋ ಹಾಗಿಲ್ಲ.”

ಇದು ಬಾಯಿಮಾತಲ್ಲ. ದೋನ್ಯಾ ಅಂಥದೊಂದು ಕಚೇರಿಯಲ್ಲಿ ಬಹಳ ವರ್ಷ ಬಟ್ಟೆ ಒಗೆದವಳು. ಸರ್ಕಾರ ಬಿದ್ದಾಗಲೆಲ್ಲ ಅಲ್ಲಿ ದುಪ್ಪಟಿಗಳ ಸಂಖ್ಯೆ ಏರುತ್ತಿತ್ತಂತೆ. ಕರ್ನಲ್‌ಗಳು, ಮಂತ್ರಿಗಳು, ಒಬ್ಬ ಅಧ್ಯಕ್ಷರು ಕೂಡ ಅವಳ ಕೈಯ ಇಸ್ತ್ರಿಯ ಮೇಲೆ ಮಲಗಿದವರೇ. ಎಲಿಯೊದೋರೊ ಗೇಟಿನ ಗಂಟೆ ಒತ್ತಿ ಕೇಳಿದರಾಯಿತಲ್ಲವೇ ಎಂದಾಗ ಅವಳಿಗೆ ನಗು ತಡೆಯಲಿಲ್ಲ.

“ಗೇಟಲ್ಲಿ ಹೋಗೋರು ವೀಸಾದವ್ರು. ಮಾನವಂತ್ರೆಲ್ಲ ಗೋಡೆ ಹಾರೇ ಬಂದಿದ್ದು.”

ಇಬ್ಬರೂ ಊರ ಮೇಲೆ ತಂತಿಯಲ್ಲಿ ತೇಲುವ ಕೇಬಲ್ ಕಾರಿನ ಡಬ್ಬಿಯಲ್ಲಿ ಕುಳಿತು ಕಣಿವೆಯ ಕೆಳಗಿನ ಸಾಹುಕಾರರ ಬಡಾವಣೆಗೆ ಹೊರಟರು. ಎದುರು ಸೀಟಿನಲ್ಲಿ ಒಬ್ಬ ಪೊಲೀಸಿನವನು ಮೊಣಕಾಲ ಮೇಲೆ ಪುಟಾಣಿ ಇಟ್ಟಿಗೆ ಮನೆ ಇಟ್ಟುಕೊಂಡು ಕುಳಿತಿದ್ದ. ಅವನು ಎಲಿಯೊದೋರೊನ ಮುಖವನ್ನೇ ನೋಡತೊಡಗಿದ. ಎಲಿಯೊದೋರೊ ಆಕಾಶ ನೋಡಿದ, ಕಾಲ ಕೆಳಗಿನ ಮಾಡುಗಳನ್ನು ನೋಡಿದ, ಕೊನೆಗೆ ದೋನ್ಯಾಳ ಟೋಪಿಯ ಹಿಂದೆ ಅಡಗಿದ.

“ನಿಮ್ಮನ್ನ ಎಲ್ಲೋ ನೋಡಿದೀನಲ್ಲ ಗುರುವೇ,” ಎಂದ ಪೊಲೀಸಿನವನು. “ಹಾಂ. ಚಾಲಕರ ಸಂಘದ ಗೋಲ್‌ಕೀಪರ್. ನಿಮ್ಮ ಕಡೆ ಬಾಜಿ ಕಟ್ಟಿ ನಾನು ದುಡ್ಡು ಕಳ್ಕೊಂಡಿದೀನಿ.”

ಜೀವನದಲ್ಲಿ ಮೊದಲ ಸಲ ಎಲಿಯೊದೋರೊ ತನ್ನ ಕಳಪೆ ಆಟಕ್ಕೆ ಋಣಿಯಾದ.

ಸಂತೆಯ ಹತ್ತಿರ ದೋನ್ಯಾ ಇಳಿದುಕೊಂಡಳು. ಅವನ ದಾರಿಗೆ ಬೇಕಾದ್ದನ್ನೆಲ್ಲ ಕೊಂಡು, ಹೊಗೆ ಹಾಕಿಸಿ, ಹಿಂದೆಯೇ ಬರುವೆನೆಂದಳು. ಎಲಿಯೊದೋರೊ ಒಬ್ಬನೇ ಮುಂದೆ ಹೋದ. ದೊಡ್ಡ ದೇಶಗಳ ಗೋಡೆಗಳು ಅವನ ಎತ್ತರಕ್ಕೆ ಒಗ್ಗುವಂತಿರಲಿಲ್ಲ. ಮೂಲೆಯಲ್ಲಿ ಕಡಲ ನಡುವಿನ ಒಂದು ಪುಟ್ಟ ದ್ವೀಪದೇಶದ ಕಚೇರಿಯಿತ್ತು. ದೇಶಕ್ಕೆ ತಕ್ಕ ಗೋಡೆ. ಅವನು ಸಂತರನ್ನೆಲ್ಲ ನೆನೆದು ಹತ್ತಿದ. ಮೇಲೆ ನೆಟ್ಟಿದ್ದ ಗಾಜಿನ ಚೂರುಗಳು ಪ್ಯಾಂಟಿನ ಹಿಂಭಾಗವನ್ನು ಜಪ್ತಿ ಮಾಡಿಕೊಂಡವು. ಆಚೆ ಗುಲಾಬಿ ಗಿಡದೊಳಗೆ ಬಿದ್ದು ತಲೆ ಎತ್ತಿದರೆ, ಗೇಟು ಹಾರುಹೊಡೆದಿತ್ತು. ಕಾವಲಿನ ಪೊಲೀಸಿನವನು, ಡಬ್ಬಿಯಲ್ಲಿ ಎದುರು ಕುಳಿತಿದ್ದವನೇ, ಪುಟಾಣಿ ಮನೆಗೆ ಹೊಗೆ ಹಾಕಿಸಲು ಹೋಗಿದ್ದ. ಮಧ್ಯಾಹ್ನದ ಗಂಟೆಗಳು ಊರ ತುಂಬ ಮೊಳಗತೊಡಗಿದವು.

ಗುಲಾಬಿ ಗಿಡದ ಎದುರಿಗೆ, ಕುರ್ಚಿಯಲ್ಲಿ, ರಾಯಭಾರಿಗಳು ಉಸಿರಾಡುತ್ತಿದ್ದರು. ಸಮುದ್ರಮಟ್ಟದ ಮನುಷ್ಯ, ಈ ಎತ್ತರದಲ್ಲಿ ಉಸಿರಾಟವೇ ಅವರ ಮುಖ್ಯ ಉದ್ಯೋಗ. ಅವರ ದ್ವೀಪಕ್ಕೆ ವೀಸಾ ಕೇಳಿ ಯಾರೂ ಬಂದವರಿಲ್ಲ. ಬೇರೆ ರಾಯಭಾರಿಗಳು ಔತಣಗಳಲ್ಲಿ ತಮ್ಮ ಆಶ್ರಿತರ ಬಗ್ಗೆ, ಸಾಕಿದ ಗಿಳಿಗಳ ಬಗ್ಗೆ ಹೇಳುವಂತೆ ಹೇಳುವಾಗ ಇವರು ಸುಮ್ಮನೆ ಸೂಪು ಕುಡಿಯಬೇಕಾಗಿತ್ತು. ಈಗ ಹರಿದ ಪ್ಯಾಂಟಿನ ಒಬ್ಬ ಮನುಷ್ಯ ಮುಳ್ಳುಗಳ ನಡುವಿನಿಂದ ಎದ್ದು, “ಆಶ್ರಯ ಕೊಡಿ ಸಾಹೇಬ್ರೇ,” ಎಂದಾಗ ಅವರ ಕಣ್ಣಲ್ಲಿ ನೀರು ಬಂತು.

ಅಡ್ಡ ಬಂದವಳು ಕಾರ್ಯದರ್ಶಿ ಸೆನ್ಯೋರಾ ಒದಿಲಾ. ಈ ಊರಿನವಳೇ, ಮೂಗಿನಿಂದಲೇ ಕಾಯಿದೆ ಓದುವವಳು.

“ರಾಜಕೀಯ ಅಪರಾಧಾನೋ, ಸಾದಾ ಅಪರಾಧಾನೋ? ರಾಜಕೀಯ ಆದ್ರೆ ಒಳಗೆ ಬನ್ನಿ, ಸೋಫಾ ಇದೆ. ಸಾದಾ ಆದ್ರೆ ಗೇಟ್ ಅಲ್ಲಿದೆ.”

ಎಲಿಯೊದೋರೊ ಗೇಟು ನೋಡಿದ. ಪೊಲೀಸಿನವನು ಹಬ್ಬ ಮುಗಿಸಿ ಮರಳುತ್ತಿದ್ದ. ಸಾಲ್ತೆನ್ಯಾ ಎಂಬ ಮಾತು ನಾಲಗೆಯ ತುದಿಗೆ ಬಂದದ್ದನ್ನು ಒಳಗೆ ತಳ್ಳಿ, ಅವನು ತಮ್ಮ ಸಂಘದ ಅಧ್ಯಕ್ಷನ ಮುಷ್ಕರದ ದನಿಯನ್ನು ಎರವಲು ತಂದ. ಎದೆ ಉಬ್ಬಿತು, ಗಂಟಲು ಹಾರನ್ನಾಯಿತು.

“ಕಂಚಿನ ಗೊರಸಿನ ಕೆಳಗೆ ನಲುಗುತ್ತಿರುವ ಸೋದರ ಜನತೆಗಾಗಿ ನಾನು ಗೇರ್ ಹಾಕಿದೆ. ಅದು ರಿವರ್ಸ್ ಗೇರ್ ಅಲ್ಲ ಸೆನ್ಯೋರಾ, ಇತಿಹಾಸದ ಗೇರ್.”

ರಾಯಭಾರಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿ, ಉಸಿರು ಕಟ್ಟಿ, ಮತ್ತೆ ಕುಳಿತರು. ಒಳಗೆ ಸೋಫಾ ಸಿಕ್ಕಿತು, ಕೋಕಾ ಎಲೆಯ ಬಿಸಿ ಕಷಾಯ ಸಿಕ್ಕಿತು, ರಾಯಭಾರಿಗಳ ಟೆನಿಸ್ ಚಡ್ಡಿಯೂ ಸಿಕ್ಕಿತು. ಅವರು ತಾವೇ ಫೋನು ಹಿಡಿದು ಮೂರು ರೇಡಿಯೊ ಕೇಂದ್ರಗಳವರನ್ನು ಕರೆಸಿದರು. ಎಲಿಯೊದೋರೊ ಚಡ್ಡಿಯಲ್ಲೇ ಭಾಷಣವನ್ನು ಪುನಃ ಮಾಡಿದ. ಪ್ರತಿ ಸಲವೂ ಜನರಲ್ ಇನ್ನಷ್ಟು ದುಷ್ಟರಾದರು, ಮಿನಿಬಸ್ಸು ಇನ್ನಷ್ಟು ಉದ್ದೇಶಪೂರ್ವಕವಾಗಿ ಹಿಂದಕ್ಕೆ ಬಂತು. ಮೂರನೆಯ ಸಲ ಅವನಿಗೇ ನಂಬಿಕೆ ಬಂದಿತ್ತು. ಸೆನ್ಯೋರಾ ಒದಿಲಾ ವಿದೇಶಾಂಗ ಕಚೇರಿಗೆ ಫೋನು ಮಾಡಿ, ಇವನನ್ನು ಯಾರೂ ಮುಟ್ಟದೆ ದೇಶ ಬಿಡಲು ಬಿಡಬೇಕೆಂದು ಕೇಳಿದಳು. ನೋಡಿ ಹೇಳುತ್ತೇವೆಂದರು.

ಅಷ್ಟರಲ್ಲಿ ರೇಡಿಯೊ ಕೇಳಿ ಗೇಟಿನ ಬಳಿ ಜನ ಸೇರಿತ್ತು. ಅವರನ್ನು ಸೀಳಿಕೊಂಡು ಫೌಸ್ತೊ ಬಂದ. ಕತ್ತಿನಲ್ಲಿ ಹೂವಿನ ಪಕಳೆ, ಮೈಯೆಲ್ಲ ಧೂಪದ ವಾಸನೆ, ಒಂದು ಕೈಯಲ್ಲಿ ಪುಟಾಣಿ ಬಸ್ಸು. ಇನ್ನೊಂದು ಕೈಯನ್ನು ಅವನು ಕಂಬಿಗಳ ನಡುವೆ ತೂರಿಸಿ ಬಿಚ್ಚಿದ. ಅಂಗೈಯಲ್ಲಿ ಅಂಗೈಯಷ್ಟೇ ಅಗಲದ ದಿನಪತ್ರಿಕೆ ಇತ್ತು.

“ಕೊಂಪಾದ್ರೆ, ಇದು ಹಬ್ಬದ ಮರಿ ಪೇಪರ್ರು. ಪ್ರತಿ ವರ್ಷ ತಮಾಷೆ ಸುದ್ದಿ ಹಾಕ್ತಾರಲ್ಲ. ಅಲ್ಲಿ ಬರೆಯೋನೊಬ್ಬ ನನ್ನ ಬಸ್ಸಲ್ಲೇ ಓಡಾಡ್ತಾನೆ, ನಿಮಗೆ ಮಜಾ ಆಗ್ಲಿ ಅಂತ ಹೇಳಿ ಹಾಕಿಸ್ದೆ.”

ಎಲಿಯೊದೋರೊ ಬಹಳ ಹೊತ್ತು ಅದನ್ನೇ ನೋಡಿದ. ಇಡೀ ಲಾ ಪಾಸ್ ನಗರದಲ್ಲಿ ಮರಿ ಪತ್ರಿಕೆಯ ಸುದ್ದಿಗೆ ಮೋಸ ಹೋಗುವ ಮಗುವೂ ಇಲ್ಲ. ಕೈಗೆ ತೆಗೆದುಕೊಂಡರೆ ಸಾಕು, ಗೊತ್ತಾಗುತ್ತದೆ. ಆದರೆ ಫೋನಿನ ಪರದೆಯೊಳಗೆ ಹೊಕ್ಕ ಮೇಲೆ ಮರಿ ಯಾವುದು, ತಾಯಿ ಯಾವುದು? ಎಲ್ಲ ಪತ್ರಿಕೆಯೂ ಅಂಗೈಯಗಲವೇ.

“ಹಂಗಾದ್ರೆ ನನ್ನನ್ನ ಯಾರೂ ಕೇಳಿಲ್ಲ?”

“ಯಾರು ಕೇಳ್ತಾರೆ? ಪುಕಾಮಾಯುನೋರು ಗಾಳಿಗೆ ಬಿತ್ತು ಅಂದ್ಕೊಂಡು ಗಾಳಿಗೆ ಬೈದು ಸುಮ್ಮನಾಗಿದಾರೆ. ಬನ್ನಿ, ಬಿಯರ್ ಕುಡಿಯೋಣ. ಚಡ್ಡಿ ಚೆನ್ನಾಗಿದೆ.”

ಎಲಿಯೊದೋರೊನ ಎದೆಯ ಮೇಲಿನಿಂದ ಕುದುರೆಯ ಸಮೇತ ಜನರಲ್ ಇಳಿದು ಹೋದಂತಾಯಿತು. ಅವನು ಗೇಟಿನ ಅಗುಳಿಗೆ ಕೈ ಹಾಕಿದ. ಒಳಗೆ ಫೋನು ಗಣಗಣಿಸಿತು. ಸೆನ್ಯೋರಾ ಒದಿಲಾ ಹೊರಗೆ ಬಂದಾಗ ಅವಳ ಮೂಗಿನಲ್ಲಿ ಕಾಯಿದೆಯ ಹೊಸ ಪುಟವೊಂದು ತೆರೆದಿತ್ತು. ವಿದೇಶಾಂಗ ಕಚೇರಿಯವರು ಹೇಳಿದ್ದಿಷ್ಟು: ಬೆಳಿಗ್ಗೆ ಇಂಥ ಚಾಲಕನೊಬ್ಬ ಇದ್ದಾನೆಂದೇ ಯಾರಿಗೂ ಗೊತ್ತಿರಲಿಲ್ಲ. ಈಗ ಗಡಿಯಾಚೆಯವರೂ ರೇಡಿಯೊ ಕೇಳಿದ್ದಾರೆ. ಗಾಳಿಯನ್ನು ಕ್ಷಮಿಸಿದ್ದಾರೆ. ಚಂಬಿಯನ್ನು ಕೇಳಿದ್ದಾರೆ. ಮಂತ್ರಿಗಳು ಪೆನ್ನಿನ ಮುಚ್ಚಳ ತೆಗೆದಿದ್ದಾರೆ.

ಗೇಟಿನ ಪೊಲೀಸಿನವನು ಪುಟಾಣಿ ಮನೆಯನ್ನು ಕಿಸೆಗಿಳಿಸಿ ನೆಟ್ಟಗೆ ನಿಂತ. ಎಲಿಯೊದೋರೊ ಅಗುಳಿಯಿಂದ ಕೈ ತೆಗೆದ.

“ಸೆನ್ಯೋರಾ, ನಿಜ ಹೇಳ್ತೀನಿ. ಅದು ಇತಿಹಾಸ ಅಲ್ಲ, ಸಾಲ್ತೆನ್ಯಾ. ಸಾರು ಚೆಲ್ತು ಅಷ್ಟೇ.”

“ಯೋಚ್ನೆ ಮಾಡಿ ಹೇಳಿ,” ಎಂದಳು ಅವಳು. “ಸಾರು ಅಂದ್ರೆ ಸಾದಾ ಅಪರಾಧ. ಗೇಟ್ ನಾನೇ ತೆಗೀತೀನಿ.”

ರಾಯಭಾರಿಗಳು ಕುರ್ಚಿಯಿಂದ, ಗಿಳಿಯನ್ನು ಕಳೆದುಕೊಳ್ಳಲಿರುವವರ ಮುಖ ಮಾಡಿ ನೋಡುತ್ತಿದ್ದರು. ಎಲಿಯೊದೋರೊ ನಿಧಾನವಾಗಿ ಎದೆ ಉಬ್ಬಿಸಿ, ಜನರಲ್‌ಗೆ ಮತ್ತೊಮ್ಮೆ ಧಿಕ್ಕಾರ ಕೂಗಿದ. ಈ ಸಲ ದನಿ ಹಾರನ್ನಿನಂತಿರಲಿಲ್ಲ, ಪಂಕ್ಚರಾದ ಟಯರಿನಂತಿತ್ತು.

ಅದೇ ಹೊತ್ತಿಗೆ ದೋನ್ಯಾ ನಿಕಾನೋರಾ ಏದುಸಿರು ಬಿಡುತ್ತ ಬಂದಳು. ಫೌಸ್ತೊನಿಂದ ಎಲ್ಲ ಕೇಳಿಕೊಂಡಳು. ಮರಿ ಪತ್ರಿಕೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಧೂಪ ಘಮ್ಮೆಂದಿತು.

“ಇದನ್ನ ಕೈಲಿ ಹಿಡ್ಕೊಂಡೇ ಹೊಗೆ ಹಾಕಿಸ್ಕೊಂಡ್ಯೇನೋ?”

“ಬಸ್ಸಿಗೆ ಹಾಕಿಸ್ದೆ,” ಎಂದ ಫೌಸ್ತೊ. “ಪೇಪರ್ರು ಅದೇ ಕೈಲಿತ್ತು.”

“ಮಧ್ಯಾಹ್ನಕ್ಕೆ ಸರಿಯಾಗಿ?”

ಫೌಸ್ತೊ ತನ್ನ ಚಪ್ಪಲಿ ನೋಡಿಕೊಂಡ. ದೋನ್ಯಾ ಅವನನ್ನು ಪಕ್ಕಕ್ಕೆ ತಳ್ಳಿ, ಹೆದರಬೇಡಿ, ತಾನೂ ಅದೇ ಹೊತ್ತಿಗೆ ಅದೇ ಹೊಗೆಯಲ್ಲಿ ಮಂತ್ರ ಹೇಳಿಸಿದ್ದೇನೆ ಎಂದು ಎಲಿಯೊದೋರೊನಿಗೆ ಧೈರ್ಯ ಹೇಳಿದಳು. ಶಾಲಿನ ಗಂಟಿನಿಂದ ಹೆಬ್ಬೆರಳಿನಷ್ಟು ಪೆಟ್ಟಿಗೆ, ಉಗುರಿನಷ್ಟು ಪಾಸ್‌ಪೋರ್ಟು, ಅದಕ್ಕಂಟಿದ ಪುಟಾಣಿ ವಿಮಾನದ ಟಿಕೆಟ್ಟು ತೆಗೆದು ಕಂಬಿಗಳ ನಡುವೆ ಕೊಟ್ಟಳು. ಎಲಿಯೊದೋರೊ ಟಿಕೆಟ್ಟನ್ನು ಕಣ್ಣಿನ ಹತ್ತಿರ ತಂದು ಓದಿದ. ಲಾ ಪಾಸ್‌ನಿಂದ ಲೀಮಾ. ಪೆರುವಿನ ರಾಜಧಾನಿ.

“ಬೇರೆ ಊರಿನ ಟಿಕೆಟ್ಟೆಲ್ಲ ಖಾಲಿ ಆಗಿತ್ತು ದೋನ್ ಎಲಿಯೊ,” ಎಂದಳು ದೋನ್ಯಾ. “ಆದ್ರೆ ಮಂತ್ರ ಗಟ್ಟಿಯಾಗಿ ಹಾಕಿದಾರೆ. ನಂಬಿ. ನನ್ನ ಫ್ರಿಜ್ ಬರ್ಲಿಲ್ವಾ?”