ಕೊಡೆಯಜ್ಜನ ಅಳತೆ

ಎಲ್ಲ ಅನಾಹುತಕ್ಕೂ ಕಾರಣ ಆ ಅರ್ಜಿಯ ಒಂಬತ್ತನೆಯ ಕಾಲಮ್ಮು. ಅದರಲ್ಲಿ 'ಪಾತ್ರದ ದೇಹದ ಅಳತೆ' ಎಂದಿತ್ತು. ಬೇರೆ ಯಾರಾದರೂ ಆಗಿದ್ದರೆ 'ಸಾಧಾರಣ ಮೈಕಟ್ಟು' ಎಂದು ಗೀಚಿ ಮುಂದೆ ಹೋಗುತ್ತಿದ್ದರು. ಆದರೆ ಅರ್ಜಿ ತುಂಬುತ್ತಿದ್ದವನು ದರ್ಜಿ.

ಬೀದಿಯವರು ಅವನನ್ನು ಟೇಪಪ್ಪ ಎನ್ನುತ್ತಿದ್ದರು. ಅಳತೆಯ ಟೇಪು ಅವನ ಕತ್ತಿನಿಂದ ಇಳಿದದ್ದನ್ನು ಜೊತೆಗಿದ್ದ ಅಕ್ಕ ಕೂಡ ನೋಡಿರಲಿಲ್ಲ. ವಯಸ್ಸು ನಲವತ್ತಾರು. ಮದುವೆಯಾಗಿರಲಿಲ್ಲ. ಮಧ್ಯಾಹ್ನ ಅಂಗಡಿಗೆ ಅರ್ಧ ಬಾಗಿಲು ಹಾಕಿ ಹಿಂದಿನ ಕೋಣೆಯಲ್ಲಿ ಒಂದು ಗಂಟೆ ವಿಡಿಯೊ ಗೇಮ್ ಆಡುವುದೊಂದೇ ಅವನ ಚಟ. ಬೇರೆ ಬೇರೆ ಗೇಮುಗಳ ಪಾತ್ರಗಳೆಲ್ಲ ಒಂದೇ ಅಖಾಡಕ್ಕೆ ಇಳಿದು ಹೊಡೆದಾಡುವ ಗೇಮು ಅದು. ಒಂದು ಗೇಮಿನ ಕಡಲ್ಗಳ್ಳ, ಇನ್ನೊಂದರ ಯಂತ್ರಮಾನವ, ಮತ್ತೊಂದರ ರಾಜಕುಮಾರಿ. ಮದುವೆಮನೆಯಲ್ಲಿ ಎರಡೂ ಕಡೆಯ ನೆಂಟರು ಊಟದ ಸಾಲಿಗೆ ಮುಗಿಬಿದ್ದ ಹಾಗೆ. ಎಲ್ಲರೂ ಇದ್ದರು. ಕೊಡೆಯಜ್ಜನೊಬ್ಬ ಇರಲಿಲ್ಲ.

ಕೊಡೆಯಜ್ಜ ಈಗ ಯಾರಿಗೂ ನೆನಪಿಲ್ಲದ ಒಂದು ಹಳೆಯ ಗೇಮಿನವನು. ಹೆಬ್ಬೆರಳಿನಷ್ಟು ಎತ್ತರ, ಕೈಯಲ್ಲೊಂದು ಕರಿ ಕೊಡೆ. ಹೊಡೆದರೂ ಕೊಡೆಯಲ್ಲೇ, ಹಾರಿದರೂ ಕೊಡೆ ಬಿಚ್ಚಿಕೊಂಡೇ. ಅಪ್ಪ ಆಸ್ಪತ್ರೆ ಸೇರಿ ವಾಪಸು ಬರದೇ ಹೋದ ವರ್ಷ, ಹತ್ತು ವರ್ಷದ ಟೇಪಪ್ಪನಿಗೆ ಮನೆಯಲ್ಲಿ ಮಾತಾಡಲು ಸಿಕ್ಕ ಗಂಡಸು ಅಂದರೆ ಆ ಅಜ್ಜನೊಬ್ಬನೇ. ಹೊಸ ಪಾತ್ರ ಯಾರು ಬೇಕು ಎಂದು ಗೇಮಿನವರು ಪ್ರತಿವರ್ಷ ಕೇಳುತ್ತಿದ್ದರು. ಟೇಪಪ್ಪ ಒಂಬತ್ತು ವರ್ಷದಿಂದ ಒಂದೇ ಹೆಸರು ಕಳಿಸುತ್ತಿದ್ದ. ಉತ್ತರ ಬಂದಿರಲಿಲ್ಲ.

ಈ ವರ್ಷದ ಅರ್ಜಿಯ ತಲೆಯ ಮೇಲೆ, 'ಪೂರ್ತಿ ವಿವರವಿಲ್ಲದವನ್ನು ಪರಿಶೀಲಿಸುವುದಿಲ್ಲ' ಎಂದಿತ್ತು. ಅವನು ಒಂದನ್ನೂ ಬಿಡಲಿಲ್ಲ. ಗೆದ್ದಾಗ ಏನು ಹೇಳುತ್ತಾನೆ? 'ಮಳೆ ನಿಂತಿತು.' ಯಾರೂ ಗುಂಡಿ ಒತ್ತದೆ ಸುಮ್ಮನಿದ್ದಾಗ ಏನು ಮಾಡುತ್ತಾನೆ? 'ಕೊಡೆಯನ್ನು ಎರಡು ಸಲ ನೆಲಕ್ಕೆ ಕುಟ್ಟಿ, ಮೇಲೆ ನೋಡಿ, ನಿಟ್ಟುಸಿರು ಬಿಡುತ್ತಾನೆ.' ಒಂಬತ್ತನೆಯ ಕಾಲಮ್ಮಿಗೆ ಬಂದಾಗ ಕೈ ನಿಂತಿತು. ಹೆಬ್ಬೆರಳಿನಷ್ಟು ಅಜ್ಜನಿಗೆ ಎಲ್ಲಿಯ ಅಳತೆ? ಆದರೆ ಅಳತೆಯ ಜಾಗ ಖಾಲಿ ಬಿಟ್ಟು ಗೊತ್ತಿರದ ಕೈ ಅದು. ಅಳತೆ ಪುಸ್ತಕ ತೆರೆದು, ಕಟ್ಟಡದ ಮಾಲೀಕರೂ ಆದ, ಮಹಡಿಯ ಮೇಲೆ ವಾಸವಿದ್ದ ನಿವೃತ್ತ ಹೆಡ್‌ಮಾಸ್ತರರ ಪುಟದಿಂದ ಎಲ್ಲವನ್ನೂ ನಕಲು ಮಾಡಿದ. ಕತ್ತು ಹದಿನೈದು, ಎದೆ ಮೂವತ್ತಾರು, ತೋಳು ಇಪ್ಪತ್ತಮೂರೂವರೆ. ಕೊನೆಗೆ ಅಭ್ಯಾಸಬಲದಿಂದ, 'ಎಡಭುಜ ಅರ್ಧ ಇಂಚು ಇಳಿ' ಎಂದೂ ಬರೆದ. ನಲವತ್ತು ವರ್ಷ ಬಲಗೈ ಎತ್ತಿ ಬೋರ್ಡಿನ ಮೇಲೆ ಬರೆದದ್ದರಿಂದ ಅವರ ಎಡಭುಜ ಇಳಿದಿತ್ತು.

ಇದಾಗಿ ಒಂದು ತಿಂಗಳ ಮೇಲೆ, ಒಂದು ಬೆಳಿಗ್ಗೆ ಟಿ.ವಿ. ಹಚ್ಚಿದಾಗ ಪಾತ್ರಗಳ ಸಾಲಿನ ಕೊನೆಯಲ್ಲಿ ಕೊಡೆಯಜ್ಜ ನಿಂತಿದ್ದ.

ಟೇಪಪ್ಪನ ಕಣ್ಣು ತುಂಬಿತು. ಮೂಗು ಒರೆಸಿಕೊಂಡು ಕಂಟ್ರೋಲರ್ ಎತ್ತಿಕೊಂಡ. ಅಜ್ಜ ಈಗ ಆಳೆತ್ತರವಾಗಿದ್ದ, ಗಡ್ಡದ ಒಂದೊಂದು ಕೂದಲೂ ಕಾಣುತ್ತಿತ್ತು. ಎಡಭುಜ ಮಾತ್ರ ಅರ್ಧ ಇಂಚು ಇಳಿದಿತ್ತು.

ಹೊಡೆತದ ಗುಂಡಿ ಒತ್ತಿದ. ಅಜ್ಜ ಕೊಡೆ ಬೀಸಿದ. ಮಹಡಿಯ ಮೇಲೆ ಏನೋ ಬಿದ್ದ ಸದ್ದಾಯಿತು.

ಇನ್ನೊಮ್ಮೆ ಒತ್ತಿದ. ಇನ್ನೊಂದು ಸದ್ದು. ಹಾರುವ ಗುಂಡಿ ಒತ್ತಿದಾಗ ಸೂರಿನಿಂದ ಸುಣ್ಣದ ಪುಡಿ ಅವನ ತಲೆಯ ಮೇಲೆ ಉದುರಿತು. ಟೇಪಪ್ಪ ಕಾದ ಇಸ್ತ್ರಿಪೆಟ್ಟಿಗೆ ಮುಟ್ಟಿದವನಂತೆ ಕಂಟ್ರೋಲರನ್ನು ಕೆಳಗೆ ಹಾಕಿದ. ಕೈಕಟ್ಟಿ ಕೂತ.

ಮೇಲಿನ ಸದ್ದು ನಿಲ್ಲಲಿಲ್ಲ. ದಡ್, ದಡ್. ಆಮೇಲೆ ಹೆಡ್‌ಮಾಸ್ತರರ ದನಿ, ಪಾಠ ಓದಿಸುವವರ ಹಾಗೆ ಸ್ಪಷ್ಟವಾಗಿ ಕೇಳಿಸಿತು.

"ಮಳೆ ನಿಂತಿತು."

ಹೊರಗೆ ಮೂರು ತಿಂಗಳಿಂದ ಒಂದು ಹನಿ ಬಿದ್ದಿರಲಿಲ್ಲ.

*

ಹತ್ತು ಗಂಟೆಗೆ ಹೆಡ್‌ಮಾಸ್ತರರು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಅಂಗಡಿಗೆ ಬಂದರು. ಬಗಲಲ್ಲಿ ಕೊಡೆ ಇತ್ತು.

"ಟೇಪಪ್ಪ, ಹೋದ ವಾರ ಹೊಲಿದ ಅಂಗಿ ನೋಡಯ್ಯ. ಒಳಗೆ ಇನ್ನೊಬ್ಬ ಬಾಡಿಗೆಗೆ ಇರಬಹುದು. ಅಷ್ಟು ಸಡಿಲ."

ಟೇಪಪ್ಪ ಎದ್ದು ಅಳತೆ ತೆಗೆದ. ಎದೆ ಮೂವತ್ತಾರು ಇದ್ದದ್ದು ಮೂವತ್ತನಾಲ್ಕೂವರೆ ಬಂತು. ಟೇಪು ತಿರುಗಿಸಿ ಹಿಡಿದು ಮತ್ತೆ ನೋಡಿದ. ನೋಡುತ್ತಿದ್ದ ಹಾಗೆಯೇ, ಒಳಗಿನಿಂದ ಯಾರೋ ಒಂದು ದಾರ ಎಳೆದಂತೆ, ಟೇಪು ಇನ್ನೊಂದು ಗೆರೆ ಸಡಿಲವಾಯಿತು.

"ಸಾರ್, ಮೈಯಲ್ಲಿ ಹುಷಾರಿಲ್ವಾ?"

"ಬೆಳಿಗ್ಗೆಯಿಂದ ಏನೋ ಆಗ್ತಿದೆ ಕಣಯ್ಯ. ಬೆನ್ನೊಳಗೆ ಯಾರೋ ಬೆರಳಿಟ್ಟು ಒತ್ತಿದ ಹಾಗೆ. ಒತ್ತಿದ ತಕ್ಷಣ ಕೈ ಏಳುತ್ತೆ. ನಾನು ಎತ್ತಿದ್ದಲ್ಲ." ಅವರು ದನಿ ತಗ್ಗಿಸಿದರು. "ದೂರದಲ್ಲೆಲ್ಲೋ ಮಕ್ಕಳು ನಗೋದು ಕೇಳಿಸುತ್ತೆ. ನಲವತ್ತು ವರ್ಷ ಮೇಷ್ಟ್ರಾಗಿದ್ದವನು ನಾನು. ಕ್ಲಾಸಲ್ಲಿ ಬೆನ್ನ ಹಿಂದೆ ನಗೋದು ಯಾವುದು ಅಂತ ನನಗೆ ಗೊತ್ತಾಗುತ್ತೆ."

ಅಷ್ಟರಲ್ಲಿ ಪಕ್ಕದ ಔಷಧಿ ಅಂಗಡಿಯವರು ಗುಂಡಿ ಹೊಲಿಸಲು ಬಂದರು. "ನಮಸ್ಕಾರ ಸಾರ್" ಎಂದು ಬಾಯಿ ಮುಚ್ಚುವ ಮೊದಲೇ ಹೆಡ್‌ಮಾಸ್ತರರ ಕೊಡೆ ಅವರ ಮೊಣಕಾಲಿಗೆ ಬಿತ್ತು. ಬಗ್ಗಿದವರ ಬೆನ್ನಿಗೆ ಇನ್ನೊಂದು. ಆಮೇಲೆ ಎಪ್ಪತ್ತೆರಡು ವರ್ಷದ ಹೆಡ್‌ಮಾಸ್ತರರು ಕೊಡೆ ಬಿಚ್ಚಿ, ಎರಡಡಿ ಮೇಲಕ್ಕೆ ಹಾರಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಗಾಳಿಯಲ್ಲೇ ಇದ್ದು, ನಿಧಾನವಾಗಿ ಇಳಿದರು. ಅವರ ಕಣ್ಣು ಮಾತ್ರ ಅವರದೇ ಆಗಿತ್ತು. ಅದರಲ್ಲಿ ನೀರಿತ್ತು.

"ಮಳೆ ನಿಂತಿತು," ಎಂದರು. ಆಮೇಲೆ, "ಕ್ಷಮಿಸಿ ಸ್ವಾಮಿ."

ಗಲಾಟೆ ಕೇಳಿ ಎದುರು ಮನೆಯ ಸಂಗೀತದ ಮೇಡಂ ಬಂದರು. ಹಿಂದಿನಿಂದ ಅಕ್ಕ ಬಂದಳು. ಟೇಪಪ್ಪ ಇನ್ನು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟ. ಅರ್ಜಿ, ಒಂಬತ್ತನೆಯ ಕಾಲಮ್ಮು, ಅರ್ಧ ಇಂಚಿನ ಭುಜ. ಯಾರೂ ನಂಬಲಿಲ್ಲ. ಎಲ್ಲರನ್ನೂ ಹಿಂದಿನ ಕೋಣೆಗೆ ಕರೆದೊಯ್ದು, ಹೆಡ್‌ಮಾಸ್ತರರ ಅನುಮತಿ ಕೇಳಿ, ಕೂರುವ ಗುಂಡಿಯನ್ನು ಒಂದೇ ಒಂದು ಸಲ ಒತ್ತಿದ. ಹೆಡ್‌ಮಾಸ್ತರರು ದೊಪ್ಪನೆ ಕೂತರು.

ಎಲ್ಲರೂ ಕಂಟ್ರೋಲರನ್ನೇ ನೋಡಿದರು.

"ನಾನೊಂದು ಸಲ ಒತ್ತಲಾ?" ಎಂದರು ಸಂಗೀತದ ಮೇಡಂ.

"ಮೇಡಂ, ಅವರೇನು ಹಾರ್ಮೋನಿಯಮ್ಮಾ?" ಎಂದಳು ಅಕ್ಕ. ಆಮೇಲೆ ತಮ್ಮನ ಕಡೆ ತಿರುಗಿದಳು. "ಬೇಡ ಬೇಡ ಅಂದ್ರೂ ಈ ಹಾಳು ಗೇಮು ಬಿಡಲಿಲ್ಲ ನೀನು. ಇಡೀ ಬೀದಿ ಮೈ ಅಳೀತೀಯ, ನಿನ್ನ ಮೈ ಮೇಲಿರೋ ಅಂಗಿ ನೋಡು, ಮೊಣಕೈ ಹೊರಗೆ ಇಣುಕ್ತಿದೆ. ಮೊದಲು ಅವರನ್ನ ಬಿಡಿಸು."

ಹೆಡ್‌ಮಾಸ್ತರರ ಎದೆ ಆಗ ಮೂವತ್ತಮೂರು. ಲೋಕದಲ್ಲಿ ಎಲ್ಲೆಲ್ಲೋ ಯಾರುಯಾರೋ ಹೊಸ ಪಾತ್ರವನ್ನು ಆರಿಸಿಕೊಳ್ಳುತ್ತಿದ್ದರು. ಒಂದೊಂದು ಆಟಕ್ಕೂ ಅವರು ಒಂದೊಂದು ಗೆರೆ ಸವೆಯುತ್ತಿದ್ದರು. ಟೇಪಪ್ಪ ಲೆಕ್ಕ ಹಾಕಿದ. ನಾಲ್ಕು ಗಂಟೆಗೆ ಶಾಲೆ ಬಿಡುತ್ತದೆ, ಮಕ್ಕಳೆಲ್ಲ ಮನೆಗೆ ಬರುತ್ತಾರೆ. ಆಮೇಲೆ ಅಳೆಯಲು ಏನೂ ಉಳಿಯುವುದಿಲ್ಲ.

ಗೇಮಿನವರಿಗೆ ಬರೆದ. ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬಂತು, ಅವನು ಬರೆಯುವುದನ್ನೇ ಯಾರೋ ಕಾಯುತ್ತಿದ್ದ ಹಾಗೆ. 'ಪಾತ್ರವನ್ನು ತೆಗೆಯಲಾಗುವುದಿಲ್ಲ. ಅಳತೆಯನ್ನು ಒಂದು ಸಲ ಮಾತ್ರ ಬದಲಾಯಿಸಬಹುದು. ಅಳತೆ ನಿಜವಾದದ್ದಾಗಿರಬೇಕು. ಕಟ್ಟಿದ ಅಳತೆ ನಮಗೆ ತಿಳಿಯುತ್ತದೆ.'

*

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬೀದಿಯಿಡೀ ಹರಡಿತು. ಟೇಪಪ್ಪನ ಅಳತೆ ಪುಸ್ತಕ ಒಂದೇ ದಿನದಲ್ಲಿ ಪೊಲೀಸರ ಪಟ್ಟಿಗಿಂತ ಭಯಂಕರವಾಯಿತು. ಹತ್ತು ವರ್ಷದ ಹಿಂದೆ ಒಂದು ಪೈಜಾಮ ಹೊಲಿಸಿದವರೂ ಓಡಿ ಬಂದು ತಮ್ಮ ಪುಟ ಕೇಳಿದರು. ಔಷಧಿ ಅಂಗಡಿಯವರು ಕೇಳಲೂ ಇಲ್ಲ. ತಮ್ಮದನ್ನು ಹರಿದು ಮಡಚಿ ಜೇಬಿಗಿಟ್ಟುಕೊಂಡು, "ಮೇಡಂ ಅವರ ಯಜಮಾನರದ್ದು ಇದೆಯಲ್ಲ, ಅದನ್ನ ಕಳಿಸಿ. ಅವರು ಹೇಗೂ ಇಡೀ ದಿನ ಕೂತೇ ಇರ್ತಾರೆ, ಸ್ವಲ್ಪ ವ್ಯಾಯಾಮ ಆಗುತ್ತೆ," ಎಂದರು.

"ನಿಮ್ಮದೇ ಕಳಿಸಬಹುದಿತ್ತು," ಎಂದರು ಮೇಡಂ. "ಗಿರಾಕಿಗಳ ಜೊತೆ ದಿನಾ ಜಗಳ ಆಡ್ತೀರಿ. ವ್ಯತ್ಯಾಸ ಯಾರಿಗೂ ಗೊತ್ತಾಗ್ತಿರಲಿಲ್ಲ."

"ನೋಡಿದ್ರಾ ಸಾರ್, ನೋಡಿದ್ರಾ," ಎಂದು ಔಷಧಿ ಅಂಗಡಿಯವರು ಹೆಡ್‌ಮಾಸ್ತರರ ಕಡೆ ತಿರುಗಿದರು. ಹೆಡ್‌ಮಾಸ್ತರರು ಮೂಲೆಯ ಸ್ಟೂಲಿನ ಮುಂದೆ ನಿಂತು, ಕೊಡೆಯನ್ನು ಎರಡು ಸಲ ನೆಲಕ್ಕೆ ಕುಟ್ಟಿ, ಮೇಲೆ ನೋಡಿ, ನಿಟ್ಟುಸಿರು ಬಿಟ್ಟರು. ಎಂಟು ಉಸಿರು ಕಳೆದ ಮೇಲೆ ಮತ್ತೆ ಅದನ್ನೇ ಮಾಡಿದರು. ಅಂಗಿಯ ಕಾಲರಿನೊಳಗೆ ಅವರ ಕತ್ತು, ಬಾವಿಯಲ್ಲಿ ಇಳಿಬಿಟ್ಟ ಹಗ್ಗದ ಹಾಗೆ ಎಲ್ಲಿಯೂ ತಾಗದೆ ನಿಂತಿತ್ತು.

ಮೂರೂವರೆಯಾಯಿತು. ಟೇಪಪ್ಪ ಖಾಲಿಯಾದ ಅಳತೆ ಪುಸ್ತಕದ ಮುಂದೆ ತಲೆ ಹಿಡಿದು ಕೂತ. ಯಾರ ಅಳತೆ ಕೊಟ್ಟರೂ ಒಬ್ಬ ಮನುಷ್ಯ ಹೋಗುತ್ತಾನೆ. ಕೊಡದಿದ್ದರೆ ಎದುರಿಗಿರುವವರು ಹೋಗುತ್ತಾರೆ. ತಲೆ ಎತ್ತಿದಾಗ ಕಣ್ಣಿಗೆ ಬಿದ್ದದ್ದು ಮೂಲೆಯ ಬಟ್ಟೆ ಬೊಂಬೆ.

ತಲೆಯಿಲ್ಲ, ಕೈಯಿಲ್ಲ, ಒಂದು ಕಂಬದ ಮೇಲೆ ನಿಂತ ಹತ್ತಿಯ ಮುಂಡ. ಅಪ್ಪನ ಕಾಲದ್ದು. ಈಚೆಗೆ ಅಕ್ಕ ಅದಕ್ಕೆ ಹಳೆಯ ದುಪ್ಪಟಿ ಹೊದೆಸಿಟ್ಟಿದ್ದಳು. ಯಾಕೆಂದು ಕೇಳಿದ್ದಕ್ಕೆ, "ದೂಳು ಬೀಳುತ್ತೆ. ಅದರ ಗೊಡವೆ ನಿನಗ್ಯಾಕೆ," ಎಂದಿದ್ದಳು.

ಟೇಪಪ್ಪ ಚಂಗನೆ ಎದ್ದ. ನಿಜವಾದ ಅಳತೆ, ಆದರೆ ಮನುಷ್ಯನಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂದರೆ ಇದೇ. ಅಕ್ಕ ಹೆಡ್‌ಮಾಸ್ತರರಿಗೆ ಕಾಫಿ ತರಲು ಒಳಗೆ ಹೋಗಿದ್ದಳು. ದುಪ್ಪಟಿ ಸರಿಸಿ ಟೇಪು ಸುತ್ತಿದ. ಎದೆ ನಲವತ್ತು. ಹೊಟ್ಟೆ ನಲವತ್ತೆರಡೂವರೆ.

"ಏನಯ್ಯ, ನಿನ್ನ ಬೊಂಬೆಗೂ ಹೊಟ್ಟೆ ಬಂದಿದೆ," ಎಂದರು ಔಷಧಿ ಅಂಗಡಿಯವರು.

"ಹಳೇ ಹತ್ತಿ ಸಾರ್, ಜಾರಿ ಕೆಳಗೆ ಇಳಿದಿರಬೇಕು. ಬೆನ್ನು ನೋಡಿ, ಗೂನು ಬಂದ ಹಾಗಾಗಿದೆ." ತೋಳಿನ ಜಾಗದಲ್ಲಿ ಯಾರೋ ಕಾಗದದ ಚೀಟಿ ಚುಚ್ಚಿಟ್ಟಿದ್ದರು. 'ಇಪ್ಪತ್ತೆರಡು ಮುಕ್ಕಾಲು.' ಅದೃಷ್ಟ ಎಂದುಕೊಂಡು ಅದನ್ನೂ ಬರೆದ. 'ಬೆನ್ನು ಒಂದು ಇಂಚು ಬಾಗು' ಎಂದು ಕೊನೆಯಲ್ಲಿ ಸೇರಿಸಿ ಕಳಿಸಿದ. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

'ಅಳತೆ ನಿಜವಾದದ್ದು. ಸ್ವೀಕರಿಸಲಾಗಿದೆ. ಧನ್ಯವಾದ,' ಎಂದು ಉತ್ತರ ಬಂತು.

ಹೆಡ್‌ಮಾಸ್ತರರ ಕೈಯಿಂದ ಕೊಡೆ ಜಾರಿ ನೆಲಕ್ಕೆ ಬಿತ್ತು. ಅವರ ಅಂಗಿ, ಗಾಳಿ ತುಂಬಿದ ಹಾಗೆ, ಎದೆಯ ಮೇಲೆ ಮೆಲ್ಲನೆ ಬಿಗಿಯಾಯಿತು. ಅವರು ಬಲಗೈ ಎತ್ತಿ ನೋಡಿದರು. ಇಳಿಸಿ ನೋಡಿದರು. ಆಮೇಲೆ ಮಗುವಿನಂತೆ ಅತ್ತರು. ಸಂಗೀತದ ಮೇಡಂ ಕೂಡ ಅತ್ತರು. ಔಷಧಿ ಅಂಗಡಿಯವರು ಮೊಣಕಾಲು ಸವರಿಕೊಳ್ಳುತ್ತಾ, "ಬುದ್ಧಿವಂತ ಕಣಯ್ಯ ನೀನು," ಎಂದರು. ಟೇಪಪ್ಪನ ಜೀವಮಾನದಲ್ಲಿ ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲ.

ಎಲ್ಲರೂ ಬೊಂಬೆಯನ್ನೇ ನೋಡುತ್ತಾ ನಿಂತರು, ಅದು ಈಗ ಕುಣಿಯುತ್ತದೆ ಎಂದು. ಬೊಂಬೆ ಅಲುಗಲಿಲ್ಲ. ಐದು ನಿಮಿಷ ಕಾದರೂ ಅಲುಗಲಿಲ್ಲ.

ಕಾಫಿ ತಂದ ಅಕ್ಕ, ಬೊಂಬೆಯ ಮೇಲೆ ದುಪ್ಪಟಿ ಇಲ್ಲದ್ದನ್ನು ಕಂಡು ಬಾಗಿಲಲ್ಲೇ ನಿಂತಳು.

"ನೋಡೇಬಿಟ್ಯಾ? ಹೋಗಲಿ ಬಿಡು, ಇವತ್ತೇ ಕೊಟ್ಟುಬಿಡ್ತೀನಿ." ಅವಳು ಲೋಟವನ್ನು ಕಟ್ಟೆಯ ಮೇಲಿಟ್ಟು, ಕಪಾಟಿನ ಹಿಂದಿನಿಂದ ಒಂದು ಕಂದು ಕೋಟು ತೆಗೆದಳು. "ಊರಿಗೆಲ್ಲ ಹೊಲೀತಾನೆ, ಇವನಿಗೆ ಹೊಲಿಯೋರು ಯಾರು ಅಂತ ನಾನೇ ಹೊಲಿದೆ. ನಿನ್ನನ್ನ ನಿಲ್ಲಿಸಿ ಅಳೆದ್ರೆ ಗೊತ್ತಾಗುತ್ತೆ ಅಂತ, ನೀನು ಮೆಷಿನ್ ಮೇಲೆ ತಲೆಯಿಟ್ಟು ನಿದ್ದೆ ಮಾಡುವಾಗ ಅಳೆದು, ಬೊಂಬೆಗೆ ಹತ್ತಿ ತುಂಬಿ ತುಂಬಿ ನಿನ್ನ ಹಾಗೇ ಮಾಡಿದ್ದೆ. ಹೊಟ್ಟೆ, ಗೂನು, ಒಂದನ್ನೂ ಬಿಟ್ಟಿಲ್ಲ. ಒಂದು ತಿಂಗಳು ಹಿಡೀತು ಕಣೋ."

ಔಷಧಿ ಅಂಗಡಿಯವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು.

ಅಕ್ಕ ಕೋಟನ್ನು ತಮ್ಮನಿಗೆ ತೊಡಿಸಿ, ಭುಜ ಸವರಿ, ಹಿಂದೆ ಹೋಗಿ ನೋಡಿದಳು. ಒಂದು ಸುಕ್ಕಿರಲಿಲ್ಲ. ನಲವತ್ತಾರು ವರ್ಷದಲ್ಲಿ ಅವನ ಮೈಗೆ ಅಷ್ಟು ಸರಿಯಾಗಿ ಕೂತ ಬಟ್ಟೆ ಅದೊಂದೇ. ಟೇಪಪ್ಪ, "ಅಕ್ಕಾ," ಎನ್ನಲು ಬಾಯಿ ತೆರೆದ.

ಬೆನ್ನೊಳಗೆ ಯಾರೋ ಬೆರಳಿಟ್ಟರು.

ಅವನು ಬಗ್ಗಿ ನೆಲದ ಮೇಲಿದ್ದ ಕೊಡೆ ಎತ್ತಿಕೊಂಡ. ದೂರದಲ್ಲೆಲ್ಲೋ ಶಾಲೆಯ ಗಂಟೆ ಹೊಡೆಯಿತು. ಔಷಧಿ ಅಂಗಡಿಯವರು ಬಾಗಿಲು ದಾಟುವಷ್ಟರಲ್ಲಿ ಇನ್ನೊಂದು ಮೊಣಕಾಲಿಗೂ ಬಿತ್ತು.

ಸಂಜೆ ಆರಕ್ಕೆ ಬೀದಿಯವರೆಲ್ಲ ತಮ್ಮ ತಮ್ಮ ಬಾಗಿಲು ಹಾಕಿಕೊಂಡಿದ್ದರು. ಹೆಡ್‌ಮಾಸ್ತರರು ಮಹಡಿಯ ಮೆಟ್ಟಿಲಿನಲ್ಲಿ ಕೂತು, ಕೆಳಗಿನ ಅಂಗಡಿಯಿಂದ ಬರುವ ಸದ್ದನ್ನು ಕೇಳುತ್ತಿದ್ದರು. ಅದು ಸ್ವಲ್ಪ ಹೊತ್ತಿನಿಂದ ಒಂದೇ ಸಮನೆ ಬರುತ್ತಿತ್ತು. ಎಲ್ಲೋ ಯಾವುದೋ ಮಗು ಗೇಮು ಆರಿಸದೆ ಊಟಕ್ಕೆ ಎದ್ದುಹೋಗಿತ್ತು.

"ಊಟಕ್ಕೆ ಬಾರೋ," ಎಂದಳು ಅಕ್ಕ. ಅವಳು ಹತ್ತಿರ ಹೋಗಿ, ಕೋಟಿನ ಬೆನ್ನನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. "ಈಗ ತಾನೇ ಸರಿಯಾಗಿತ್ತಲ್ಲೋ," ಎನ್ನುತ್ತಾ, ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಸಡಿಲವಾದಲ್ಲಿ ಒಂದು ಚುಚ್ಚಿದಳು. ಟೇಪಪ್ಪ ಕೊಡೆಯನ್ನು ಎರಡು ಸಲ ನೆಲಕ್ಕೆ ಕುಟ್ಟಿ, ಮೇಲೆ ನೋಡಿ, ನಿಟ್ಟುಸಿರು ಬಿಟ್ಟ. ಅವಳು ಎರಡನೆಯ ಸೂಜಿ ತೆಗೆದಳು.